ಮನೆಯ ಆವರಣದಲ್ಲಿ ಕ್ಯಾರವಾನ್ ನಿಲುಗಡೆ

ಮನೆಯ ಆವರಣದಲ್ಲಿ ಕ್ಯಾರವಾನ್ ನಿಲುಗಡೆ ಎಂದರೆ, ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ವಸತಿ ಗಾಡಿಯನ್ನು ಪ್ರವಾಸವಿಲ್ಲದ ಅವಧಿಯಲ್ಲಿ ಮಾಲೀಕರು ತಮ್ಮ ಮನೆಯ ಮುಂಭಾಗದಲ್ಲಿ, ಪಕ್ಕದಲ್ಲಿ ಅಥವಾ ಹಿತ್ತಿಲಿನಲ್ಲಿ ಇರಿಸಿಕೊಳ್ಳುವ ಪದ್ಧತಿ. ಯುನೈಟೆಡ್ ಕಿಂಗ್‌ಡಮ್, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮತ್ತು ಉತ್ತರ ಅಮೆರಿಕದ ವಸತಿ ಬಡಾವಣೆಗಳಲ್ಲಿ ಇದು ಸಾಮಾನ್ಯ ದೃಶ್ಯ. ನೆರೆಹೊರೆಯವರ ನಡುವಿನ ವಿವಾದಗಳಿಗೆ ಆಗಾಗ ಕಾರಣವೂ ಹೌದು. ಈ ಲೇಖನವು ಮುಖ್ಯವಾಗಿ ಇಂಗ್ಲೆಂಡಿನ ಪರಿಸ್ಥಿತಿಯನ್ನು ವಿವರಿಸುತ್ತದೆ.

ಇಂಗ್ಲೆಂಡಿನಲ್ಲಿ ಈ ವಿಷಯಕ್ಕೆ ಮೂರು ಬೇರೆ ಬೇರೆ ಕಾನೂನುಗಳು ಅನ್ವಯಿಸುತ್ತವೆ. ಯೋಜನಾ ಕಾನೂನು ಕ್ಯಾರವಾನನ್ನು ಯಾವ ಉದ್ದೇಶಕ್ಕೆ ಬಳಸಲಾಗುತ್ತಿದೆ ಎಂದು ಕೇಳುತ್ತದೆ. ಆಸ್ತಿ ಕಾನೂನು ಆ ನಿವೇಶನದ ಹಕ್ಕುಪತ್ರದಲ್ಲಿ ಏನು ಕರಾರಾಗಿದೆ ಎಂದು ಕೇಳುತ್ತದೆ. ಉಪದ್ರವ ಕಾನೂನು ನೆರೆಯವರು ತಮ್ಮ ಜಮೀನನ್ನು ಅನುಭವಿಸಲು ಅಡ್ಡಿಯಾಗಿದೆಯೇ ಎಂದು ಕೇಳುತ್ತದೆ. ನೆರೆಮನೆಯವರು ಸಾಮಾನ್ಯವಾಗಿ ಮುಂದಿಡುವ ಎರಡು ದೂರುಗಳು, ಅಂದರೆ ನೋಟ ಕೆಟ್ಟಿತು ಮತ್ತು ಮನೆಯ ಬೆಲೆ ಇಳಿಯಿತು ಎಂಬವು, ಈ ಮೂರರಲ್ಲಿ ಯಾವುದಕ್ಕೂ ತಾವಾಗಿಯೇ ಆಧಾರವಾಗುವುದಿಲ್ಲ. ಈ ವಿಷಯದ ಬಹುಪಾಲು ಗೊಂದಲ ಹುಟ್ಟುವುದು ಇಲ್ಲಿಂದಲೇ.

ಪದ ಮತ್ತು ವ್ಯಾಖ್ಯೆ

ದಕ್ಷಿಣ ಭಾರತದಲ್ಲಿ ‘ಕ್ಯಾರವಾನ್’ ಎಂಬ ಪದವು ಚಲನಚಿತ್ರ ಚಿತ್ರೀಕರಣದ ಸ್ಥಳದಲ್ಲಿ ಕಲಾವಿದರ ವಿಶ್ರಾಂತಿಗಾಗಿ ನಿಲ್ಲಿಸುವ ವಾಹನವನ್ನು ಸೂಚಿಸುವುದೇ ಹೆಚ್ಚು. ಬ್ರಿಟನ್ನಿನಲ್ಲಿ ಅದು ಮುಖ್ಯವಾಗಿ ಸ್ವಂತ ಎಂಜಿನ್ ಇಲ್ಲದ, ಹಾಸಿಗೆ, ಅಡುಗೆ ಒಲೆ ಮತ್ತು ಶೌಚಾಲಯಗಳನ್ನು ಹೊಂದಿರುವ, ಕುಟುಂಬದ ರಜಾಪ್ರವಾಸದ ಗಾಡಿಯ ಹೆಸರು. ಇದನ್ನು ಪ್ರವಾಸಿ ಕ್ಯಾರವಾನ್ ಎನ್ನುತ್ತಾರೆ. ಸ್ವಂತ ಎಂಜಿನ್ ಇರುವ ಇದೇ ಬಗೆಯ ವಾಹನವನ್ನು ಮೋಟರ್‌ಹೋಮ್ ಎಂದೂ, ಒಂದೇ ಸ್ಥಳದಲ್ಲಿ ದೀರ್ಘಕಾಲ ಇರುವ ದೊಡ್ಡ ಗಾತ್ರದ್ದನ್ನು ಸ್ಥಾವರ ಕ್ಯಾರವಾನ್ ಅಥವಾ ಮೊಬೈಲ್ ಹೋಮ್ ಎಂದೂ ಕರೆಯುವುದು ರೂಢಿ.

ಕಾನೂನಿನ ವ್ಯಾಖ್ಯೆ ಇದಕ್ಕಿಂತ ವಿಶಾಲವಾಗಿದೆ. 1960ರ ಕ್ಯಾರವಾನ್ ನಿವೇಶನ ಮತ್ತು ಅಭಿವೃದ್ಧಿ ನಿಯಂತ್ರಣ ಕಾಯ್ದೆಯ 29ನೇ ಕಲಮಿನ ಪ್ರಕಾರ, ಮಾನವ ವಾಸಕ್ಕಾಗಿ ರೂಪಿಸಿದ ಅಥವಾ ಮಾರ್ಪಡಿಸಿದ, ಎಳೆದುಕೊಂಡು ಅಥವಾ ಬೇರೊಂದು ವಾಹನದ ಮೇಲೆ ಹೇರಿಕೊಂಡು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಬಹುದಾದ ಯಾವುದೇ ರಚನೆಯೂ ಕ್ಯಾರವಾನ್ ಆಗಿದೆ. ವಾಸಕ್ಕೆ ಮಾರ್ಪಡಿಸಿದ ಮೋಟಾರು ವಾಹನಗಳೂ ಇದರಲ್ಲಿ ಸೇರುತ್ತವೆ. ಡೇರೆಗಳು ಮತ್ತು ರೈಲು ಹಳಿಗಳ ಮೇಲಿರುವ ಬೋಗಿಗಳು ಸೇರುವುದಿಲ್ಲ. 1968ರ ಕ್ಯಾರವಾನ್ ನಿವೇಶನ ಕಾಯ್ದೆಯು ಎರಡು ಭಾಗಗಳನ್ನು ಜೋಡಿಸಿ ನಿರ್ಮಿಸುವ ಕ್ಯಾರವಾನಿಗೆ ಗರಿಷ್ಠ ಅಳತೆಗಳನ್ನು ಗೊತ್ತುಪಡಿಸಿತು. 2006ರ ತಿದ್ದುಪಡಿಯ ನಂತರ ಇಂಗ್ಲೆಂಡಿನಲ್ಲಿ ಈ ಅಳತೆಗಳು 20 ಮೀಟರ್ ಉದ್ದ, 6.8 ಮೀಟರ್ ಅಗಲ ಮತ್ತು ಒಳಗಿನ ಎತ್ತರ 3.05 ಮೀಟರ್ ಆಗಿವೆ.

ಸಾಮಾನ್ಯ ಪ್ರವಾಸಿ ಕ್ಯಾರವಾನ್ ಇದಕ್ಕಿಂತ ಬಹಳ ಚಿಕ್ಕದು. ಕೊಂಡಿಯೂ ಸೇರಿ ಅದರ ಉದ್ದ ಸುಮಾರು 5ರಿಂದ 8 ಮೀಟರ್, ಅಗಲ 2.2ರಿಂದ 2.5 ಮೀಟರ್, ಎತ್ತರ ಸುಮಾರು 2.6 ಮೀಟರ್, ತೂಕ ಹೆಚ್ಚಾಗಿ 1,000ದಿಂದ 2,000 ಕಿಲೋಗ್ರಾಂ ಇರುತ್ತದೆ.

ಇತಿಹಾಸ

ಬ್ರಿಟನ್ನಿನಲ್ಲಿ ಕುದುರೆಗಳು ಎಳೆಯುವ ವಸತಿ ಬಂಡಿಗಳನ್ನು ರೊಮಾನಿ ಅಲೆಮಾರಿ ಸಮುದಾಯದವರೂ ಸಂಚಾರಿ ಪ್ರದರ್ಶನಕಾರರೂ ಬಹುಕಾಲದಿಂದ ಬಳಸುತ್ತಿದ್ದರು. ಕೇವಲ ವಿಹಾರಕ್ಕಾಗಿ ನಿರ್ಮಿಸಿದ ಮೊದಲ ಕ್ಯಾರವಾನ್ ಎಂದು ಸಾಮಾನ್ಯವಾಗಿ ಹೆಸರಿಸಲಾಗುವುದು 1885ರ ‘ದಿ ವಾಂಡರರ್’ ಅನ್ನು. ನೌಕಾಪಡೆಯ ನಿವೃತ್ತ ವೈದ್ಯರೂ ಬಾಲಸಾಹಸ ಕಥೆಗಳ ಲೇಖಕರೂ ಆಗಿದ್ದ ವಿಲಿಯಂ ಗಾರ್ಡನ್ ಸ್ಟೇಬಲ್ಸ್ ಅವರು ಇದನ್ನು ಬ್ರಿಸ್ಟಲ್‌ನ ವ್ಯಾಗನ್ ಕಾರ್ಖಾನೆಯಲ್ಲಿ ಕಟ್ಟಿಸಿದರು. 1907ರಲ್ಲಿ ಕ್ಯಾರವಾನ್ ಕ್ಲಬ್ ಸ್ಥಾಪನೆಯಾಯಿತು. ಮೊದಲನೆಯ ಮಹಾಯುದ್ಧದ ನಂತರ, 1919ರಿಂದ, ಬರ್ಮಿಂಗ್‌ಹ್ಯಾಮಿನ ಎಕಲ್ಸ್ ಸಂಸ್ಥೆಯು ಕಾರಿನಿಂದ ಎಳೆಯಬಹುದಾದ ಕ್ಯಾರವಾನ್‌ಗಳ ತಯಾರಿಕೆಯಲ್ಲಿ ತೊಡಗಿತು.

ಎರಡನೆಯ ಮಹಾಯುದ್ಧದ ನಂತರದ ವಸತಿ ಅಭಾವದಲ್ಲಿ ಅನೇಕ ಕುಟುಂಬಗಳು ಕ್ಯಾರವಾನ್‌ಗಳನ್ನೇ ಮನೆ ಮಾಡಿಕೊಂಡವು. ಈ ಬಗ್ಗೆ ಸರ್ ಆರ್ಟನ್ ವಿಲ್ಸನ್ ಅವರು 1959ರಲ್ಲಿ ಸರ್ಕಾರಕ್ಕೆ ವರದಿ ಸಲ್ಲಿಸಿದರು. ಮರುವರ್ಷ 1960ರ ಕಾಯ್ದೆ ಜಾರಿಗೆ ಬಂದಿತು. ಆ ಕಾಯ್ದೆಯ ಗುರಿ ಅನಿಯಂತ್ರಿತವಾಗಿ ಬೆಳೆಯುತ್ತಿದ್ದ ಕ್ಯಾರವಾನ್ ನಿವೇಶನಗಳಾಗಿದ್ದವೇ ಹೊರತು, ಮನೆಯ ಪಕ್ಕದಲ್ಲಿ ಚಳಿಗಾಲ ಕಳೆಯುವ ಕುಟುಂಬದ ಗಾಡಿಯಲ್ಲ. ಆದುದರಿಂದಲೇ ಅದರ ಮೊದಲನೆಯ ಅನುಸೂಚಿಯು, ಮನೆಯ ಆವರಣದೊಳಗೆ ಆ ಮನೆಯ ಅನುಭೋಗಕ್ಕೆ ಪೂರಕವಾಗಿ ಕ್ಯಾರವಾನ್ ಇರಿಸಿದರೆ ಪರವಾನಗಿ ಬೇಕಿಲ್ಲ ಎಂದು ವಿನಾಯಿತಿ ನೀಡಿತು. ಈ ವಿನಾಯಿತಿ ಇಂದಿಗೂ ಇದೆ.

ಮನೆಯಲ್ಲಿಯೇ ನಿಲ್ಲಿಸಲು ಕಾರಣಗಳು

ಬಹುತೇಕ ಕ್ಯಾರವಾನ್‌ಗಳು ವರ್ಷದ ಹೆಚ್ಚಿನ ದಿನಗಳನ್ನು ಒಂದೇ ಕಡೆ ನಿಂತು ಕಳೆಯುತ್ತವೆ. ಹಣ ಕೊಟ್ಟು ನಿಲ್ಲಿಸಬಹುದಾದ ಸಂಗ್ರಹಾಲಯಗಳು ಬ್ರಿಟನ್ನಿನ ಎಲ್ಲೆಡೆ ಇವೆ; 1999ರಲ್ಲಿ ಆರಂಭವಾದ ಕ್ಯಾರವಾನ್ ಸಂಗ್ರಹ ನಿವೇಶನ ಮಾಲೀಕರ ಸಂಘವು ಭದ್ರತೆಯ ಮಟ್ಟವನ್ನು ನೋಡಿ ಇವುಗಳಿಗೆ ಚಿನ್ನ, ಬೆಳ್ಳಿ ಮತ್ತು ಕಂಚಿನ ದರ್ಜೆ ನೀಡುತ್ತದೆ. ಆದರೂ ಬಾಡಿಗೆಯ ಉಳಿತಾಯ, ಪ್ರವಾಸಕ್ಕೆ ಮುನ್ನ ಸಾಮಾನು ತುಂಬುವ ಅನುಕೂಲ, ಬ್ಯಾಟರಿಯನ್ನು ಚಾರ್ಜ್ ಮಾಡುವುದು ಮತ್ತು ಒಳಗೆ ತೇವ ಸೇರಿದೆಯೇ ಎಂದು ನೋಡಿಕೊಳ್ಳುವುದು ಮುಂತಾದ ಕಾರಣಗಳಿಗಾಗಿ ಅನೇಕರು ಮನೆಯನ್ನೇ ಆಯ್ದುಕೊಳ್ಳುತ್ತಾರೆ. ಚಳಿಗಾಲದಲ್ಲಿ ಕೊಳವೆಗಳಲ್ಲಿನ ನೀರು ಹೆಪ್ಪುಗಟ್ಟಿ ಒಡೆಯದಂತೆ ನೀರನ್ನು ಪೂರ್ತಿ ಬಸಿಯಬೇಕಾಗುತ್ತದೆ. ಗಾಡಿ ಕಣ್ಣಳತೆಯಲ್ಲಿದ್ದರೆ ಈ ಕೆಲಸಗಳು ಸುಲಭ.

ಇದರ ಪರಿಣಾಮವೇನೆಂದರೆ, ಬೇಸಿಗೆಯಲ್ಲಿ ಆಗಾಗ ಹೊರಗಿರುವ ಕ್ಯಾರವಾನ್ ಹಗಲು ಚಿಕ್ಕದಾಗಿ ಸೂರ್ಯನು ತಗ್ಗಿನಲ್ಲಿರುವ ಚಳಿಗಾಲದಲ್ಲಿ ಮಾತ್ರ ತಪ್ಪದೆ ಮನೆಯಲ್ಲಿರುತ್ತದೆ. ನೆರೆಮನೆಗೆ ಆಗುವ ತೊಂದರೆಯನ್ನು ಅಳೆಯುವಾಗ ಈ ಋತುಮಾನವನ್ನು ಗಮನಿಸುವುದು ಅಗತ್ಯ.

ನೆರೆಯ ಆಸ್ತಿಗಳ ಮೇಲಿನ ಪರಿಣಾಮಗಳು

ಬೆಳಕು ಮತ್ತು ನೆರಳು

ಲಂಡನ್ ನಗರವು ಸುಮಾರು 51.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ 21ರ ಸುಮಾರಿಗೆ ಅಲ್ಲಿ ನಡುಹಗಲಿನಲ್ಲೂ ಸೂರ್ಯನು ದಿಗಂತದಿಂದ ಕೇವಲ 15 ಡಿಗ್ರಿ ಎತ್ತರದಲ್ಲಿರುತ್ತಾನೆ. ಆಗ ಸಮತಟ್ಟಾದ ನೆಲದಲ್ಲಿ 2.6 ಮೀಟರ್ ಎತ್ತರದ ಕ್ಯಾರವಾನ್ ಉತ್ತರದಿಕ್ಕಿಗೆ ಸುಮಾರು 9.6 ಮೀಟರ್ ಉದ್ದದ ನೆರಳನ್ನು ಚೆಲ್ಲುತ್ತದೆ. ಜೂನ್ ತಿಂಗಳ ನಡುಹಗಲಿನಲ್ಲಿ ಸೂರ್ಯನ ಎತ್ತರ ಸುಮಾರು 62 ಡಿಗ್ರಿ. ಅದೇ ಕ್ಯಾರವಾನಿನ ನೆರಳು ಆಗ 1.4 ಮೀಟರ್ ಮಾತ್ರ. ಹೋಲಿಕೆಗಾಗಿ, ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿರುವ ಬೆಂಗಳೂರಿನಲ್ಲಿ ಡಿಸೆಂಬರ್ 21ರಂದು ಕೂಡ ಇದು ಎರಡು ಮೀಟರನ್ನು ಮುಟ್ಟುವುದಿಲ್ಲ. ಉತ್ತರದ ದೇಶಗಳಲ್ಲಿ ಗಾಡಿಯೊಂದರ ನೆರಳು ವಿವಾದಕ್ಕೆ ಏಕೆ ಕಾರಣವಾಗುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ಆದರೆ ಈ ನೆರಳೆಲ್ಲವನ್ನೂ ಕ್ಯಾರವಾನಿನ ಲೆಕ್ಕಕ್ಕೆ ಹಾಕುವಂತಿಲ್ಲ. ಗಡಿಯಲ್ಲಿ ಎರಡು ಮೀಟರ್ ಎತ್ತರದ ಬೇಲಿ ಇದ್ದರೆ ಆ ಬೇಲಿಯೇ ಅದೇ ಹೊತ್ತಿನಲ್ಲಿ ಸುಮಾರು 7.4 ಮೀಟರ್ ನೆರಳು ಬೀಳಿಸುತ್ತದೆ. ಕ್ಯಾರವಾನ್ ಬೇಲಿಗೆ ತಾಗಿಕೊಂಡೇ ನಿಂತಿದ್ದರೂ ಹೆಚ್ಚಾಗುವ ನೆರಳು ಸುಮಾರು 2.2 ಮೀಟರ್, ಗಾಡಿಯನ್ನು ಬೇಲಿಯಿಂದ ಅಷ್ಟೇ ದೂರ ಒಳಕ್ಕೆ ಸರಿಸಿದರೆ ನಡುಹಗಲಿನಲ್ಲಿ ಆ ಹೆಚ್ಚಳವೂ ಉಳಿಯುವುದಿಲ್ಲ. ದಿಕ್ಕು ಕೂಡ ಮುಖ್ಯ. ಕ್ಯಾರವಾನ್ ನೆರೆಮನೆಯ ದಕ್ಷಿಣಕ್ಕಿದ್ದರೆ ನೆರಳು ಆ ಮನೆಯ ಕಡೆಗೆ ಬೀಳುತ್ತದೆ. ಉತ್ತರಕ್ಕಿದ್ದರೆ ಚಳಿಗಾಲದ ನೇರ ಬಿಸಿಲಿಗೆ ಅದರಿಂದ ಅಡ್ಡಿಯಿಲ್ಲ.

ಕಿಟಕಿಯ ಮೂಲಕ ಬರುವ ಆಕಾಶದ ಬೆಳಕನ್ನು ಅಂದಾಜು ಮಾಡಲು ಬ್ರಿಟಿಷ್ ಯೋಜನಾ ತಜ್ಞರು 25 ಡಿಗ್ರಿ ಸೂತ್ರವನ್ನು ಬಳಸುತ್ತಾರೆ. ಕಿಟಕಿಯ ಮಧ್ಯಬಿಂದುವಿನಿಂದ 25 ಡಿಗ್ರಿ ಕೋನದಲ್ಲಿ ಮೇಲಕ್ಕೆ ಎಳೆದ ರೇಖೆಯನ್ನು ಎದುರಿನ ಕಟ್ಟಡ ಮೀರದಿದ್ದರೆ ಬೆಳಕು ಸಾಕಷ್ಟು ಉಳಿಯುತ್ತದೆ ಎಂದು ಇದರ ಅರ್ಥ. ಈ ಸೂತ್ರವನ್ನು ಹೊಸ ಕಟ್ಟಡಗಳಿಗಾಗಿ ರೂಪಿಸಲಾಗಿದ್ದರೂ ಕ್ಯಾರವಾನಿಗೂ ಅನ್ವಯಿಸಿ ನೋಡಬಹುದು. ಕಿಟಕಿಯ ಮಧ್ಯಬಿಂದು ನೆಲದಿಂದ 1.5 ಮೀಟರ್ ಎತ್ತರದಲ್ಲಿದ್ದರೆ 2.6 ಮೀಟರಿನ ಕ್ಯಾರವಾನ್ ಅದಕ್ಕಿಂತ 1.1 ಮೀಟರ್ ಎತ್ತರವಾಗಿರುತ್ತದೆ. ಕಿಟಕಿಯಿಂದ ಸುಮಾರು 2.4 ಮೀಟರಿಗಿಂತ ದೂರ ನಿಂತಿರುವ ಕ್ಯಾರವಾನ್ ಈ ರೇಖೆಯನ್ನು ದಾಟುವುದಿಲ್ಲ.

ನೋಟ ಮತ್ತು ಬೀದಿಯ ಸ್ವರೂಪ

ಇಂಗ್ಲೆಂಡಿನ ಅನೇಕ ಬಡಾವಣೆಗಳಲ್ಲಿ ಮನೆಗಳು ಒಂದೇ ಸಾಲಿನಲ್ಲಿದ್ದು, ಮುಂದಿನ ಕೈತೋಟಗಳು ತಗ್ಗಾದ ಗೋಡೆಯಿಂದಷ್ಟೇ ಬೇರ್ಪಟ್ಟಿರುತ್ತವೆ. ಕೆಲವೆಡೆ ಗೋಡೆಯೂ ಇರುವುದಿಲ್ಲ. ಇಂಥ ಸಾಲಿನಲ್ಲಿ ಮನೆಗಿಂತ ಮುಂದಕ್ಕೆ ನಿಂತ ಬಿಳಿಬಣ್ಣದ ದೊಡ್ಡ ಗಾಡಿ ಎದ್ದು ಕಾಣುತ್ತದೆ ಮತ್ತು ಪಕ್ಕದ ಮನೆಯ ಮುಂಗೋಣೆಯ ಕಿಟಕಿಯಿಂದ ಬೀದಿಯತ್ತ ಇದ್ದ ನೋಟವನ್ನು ಮರೆಮಾಡುತ್ತದೆ.

ಕಾನೂನಿನ ಒಂದು ವೈಚಿತ್ರ್ಯವೂ ಇಲ್ಲಿದೆ. ವಾಹನಗಳು ಸಂಚರಿಸುವ ರಸ್ತೆಗೆ ಹೊಂದಿಕೊಂಡಂತೆ ಒಂದು ಮೀಟರಿಗಿಂತ ಎತ್ತರದ ಬೇಲಿಯನ್ನಾಗಲಿ ಗೋಡೆಯನ್ನಾಗಲಿ ಕಟ್ಟಲು ಯೋಜನಾ ಅನುಮತಿ ಬೇಕು. ಬೇರೆಡೆ ಈ ಮಿತಿ ಎರಡು ಮೀಟರ್. ಆದರೆ ಅದೇ ಜಾಗದಲ್ಲಿ 2.6 ಮೀಟರ್ ಎತ್ತರದ ಕ್ಯಾರವಾನನ್ನು ಅನುಮತಿಯಿಲ್ಲದೆ ತಿಂಗಳುಗಟ್ಟಲೆ ನಿಲ್ಲಿಸಬಹುದು. ಬೇಲಿ ಒಂದು ನಿರ್ಮಾಣ, ಕ್ಯಾರವಾನ್ ಒಂದು ಚರವಸ್ತು ಎಂಬುದೇ ಈ ವ್ಯತ್ಯಾಸಕ್ಕೆ ಕಾರಣ. ಕಣ್ಣಿಗೆ ಒಂದೇ ಬಗೆಯ ಅಡ್ಡಿಯಾಗಿ ಕಾಣುವ ಎರಡು ವಸ್ತುಗಳಿಗೆ ಬೇರೆ ಬೇರೆ ನಿಯಮ ಇರುವುದು ನೆರೆಯವರಿಗೆ ಅನ್ಯಾಯವೆಂದು ತೋರುವುದುಂಟು.

ಸುರಕ್ಷತೆ, ಸಂಚಾರ ಮತ್ತು ಮಳೆನೀರು

ಮುಂಭಾಗದಲ್ಲಿ ನಿಂತ ಕ್ಯಾರವಾನ್ ಪಕ್ಕದ ಮನೆಯಿಂದ ಕಾರನ್ನು ಹಿಮ್ಮುಖವಾಗಿ ಹೊರತೆಗೆಯುವವರಿಗೆ ಪಾದಚಾರಿ ಮಾರ್ಗ ಕಾಣದಂತೆ ಮಾಡಬಹುದು. ಕ್ಯಾರವಾನಿಗೆ ಜಾಗ ಕೊಟ್ಟು ಮನೆಯ ಕಾರುಗಳನ್ನು ಬೀದಿಗೆ ತಂದರೆ ಬೀದಿಯ ನಿಲುಗಡೆಯ ಮೇಲೆ ಒತ್ತಡ ಹೆಚ್ಚುತ್ತದೆ. ಒಳಗಿರುವ ಅಡುಗೆ ಅನಿಲದ ಸಿಲಿಂಡರುಗಳು ಮತ್ತು ಹಗುರ ವಸ್ತುಗಳ ಗೋಡೆಗಳು ಬೆಂಕಿಯ ಭಯಕ್ಕೆ ಕಾರಣವಾಗುತ್ತವೆ. ಪರವಾನಗಿ ಪಡೆದ ವಾಸದ ನಿವೇಶನಗಳಿಗಾಗಿ ಇಂಗ್ಲೆಂಡಿನಲ್ಲಿ 2008ರಲ್ಲಿ ಪ್ರಕಟವಾದ ಮಾದರಿ ಮಾನದಂಡಗಳು ವಾಸದ ಕ್ಯಾರವಾನ್‌ಗಳ ನಡುವೆ 6 ಮೀಟರ್ ಮತ್ತು ನಿವೇಶನದ ಗಡಿಯಿಂದ 3 ಮೀಟರ್ ಅಂತರವನ್ನು ಸೂಚಿಸುತ್ತವೆ. ಮನೆಯ ಆವರಣದ ಪ್ರವಾಸಿ ಕ್ಯಾರವಾನಿಗೆ ಇವು ಅನ್ವಯಿಸುವುದಿಲ್ಲವಾದರೂ, ಎಷ್ಟು ಅಂತರವನ್ನು ಸುರಕ್ಷಿತವೆಂದು ಪರಿಗಣಿಸಲಾಗಿದೆ ಎಂಬುದರ ಕಲ್ಪನೆ ಕೊಡುತ್ತವೆ.

ಕ್ಯಾರವಾನಿಗಾಗಿ ಕೈತೋಟಕ್ಕೆ ಕಾಂಕ್ರೀಟು ಹಾಸಿದರೆ ಮಳೆನೀರು ಇಂಗದೆ ಬೀದಿಗೂ ನೆರೆಯ ಜಮೀನಿಗೂ ಹರಿಯಬಹುದು. ಈ ಕಾರಣದಿಂದ 2008ರ ಅಕ್ಟೋಬರ್ 1ರಿಂದ ಇಂಗ್ಲೆಂಡಿನಲ್ಲಿ, ಮನೆಯ ಮುಂಭಾಗದಲ್ಲಿ 5 ಚದರ ಮೀಟರಿಗಿಂತ ಹೆಚ್ಚಿನ ಜಾಗಕ್ಕೆ ನೀರು ಇಂಗದ ಹಾಸು ಹಾಕುವುದಾದರೆ, ಆ ನೀರು ಆವರಣದೊಳಗೇ ಇಂಗುವ ವ್ಯವಸ್ಥೆ ಇರಬೇಕು. ಇಲ್ಲವಾದರೆ ಯೋಜನಾ ಅನುಮತಿ ಪಡೆಯಬೇಕು.

ಆಸ್ತಿಯ ಬೆಲೆ

ಕ್ಯಾರವಾನಿನಿಂದ ಪಕ್ಕದ ಮನೆಯ ಬೆಲೆ ಇಂತಿಷ್ಟು ಇಳಿಯುತ್ತದೆ ಎಂಬ ಒಂದೇ ಸೂತ್ರ ಸಾಧ್ಯವಿಲ್ಲ. ಮನೆಯ ಬೆಲೆಯನ್ನು ಸ್ಥಳ, ಗಾತ್ರ, ಸ್ಥಿತಿ, ಸುತ್ತಲಿನ ಶಾಲೆಗಳು, ಸಾರಿಗೆ ಮುಂತಾದ ಸ್ಥಿರ ಅಂಶಗಳು ನಿರ್ಧರಿಸುತ್ತವೆ. ಕ್ಯಾರವಾನ್ ಯಾವ ದಿನವಾದರೂ ಹೊರಟುಹೋಗಬಹುದಾದ ವಸ್ತು. ಆದರೆ ಮನೆ ನೋಡಲು ಬರುವವರ ಮೊದಲ ಅಭಿಪ್ರಾಯದ ಮೇಲೆ ಅದು ಪರಿಣಾಮ ಬೀರಬಲ್ಲದು. ಕೊಳ್ಳುವವರ ಸಂಖ್ಯೆ ಕಡಿಮೆಯಾದರೆ ಮಾರಾಟ ತಡವಾಗಬಹುದು ಅಥವಾ ಚೌಕಾಸಿಗೆ ಅವಕಾಶವಾಗಬಹುದು. ಸುಸ್ಥಿತಿಯಲ್ಲಿರುವ, ಬೇಸಿಗೆಯಲ್ಲಿ ಹೊರಗೆ ಹೋಗಿಬರುವ ಗಾಡಿಗೂ ಪಾಚಿಗಟ್ಟಿ, ಚಕ್ರಗಳ ಗಾಳಿ ಇಳಿದು ವರ್ಷಗಟ್ಟಲೆ ನಿಂತ ಗಾಡಿಗೂ ಈ ವಿಷಯದಲ್ಲಿ ದೊಡ್ಡ ವ್ಯತ್ಯಾಸವಿದೆ.

ಯೋಜನಾ ಕಾನೂನು

1990ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 55ನೇ ಕಲಮಿನ ಪ್ರಕಾರ ‘ಅಭಿವೃದ್ಧಿ’ ಎಂದರೆ ಒಂದೋ ನಿರ್ಮಾಣ ಕಾರ್ಯ, ಇಲ್ಲವೇ ಭೂಬಳಕೆಯಲ್ಲಿ ಗಣನೀಯ ಬದಲಾವಣೆ. ಚಕ್ರಗಳ ಮೇಲೆ ನಿಂತ ಕ್ಯಾರವಾನ್ ನಿರ್ಮಾಣವಲ್ಲ. ಮನೆಯ ಆವರಣವನ್ನು ಆ ಮನೆಯ ಅನುಭೋಗಕ್ಕೆ ಪೂರಕವಾದ ಉದ್ದೇಶಕ್ಕೆ ಬಳಸುವುದು ಅಭಿವೃದ್ಧಿಯಲ್ಲವೆಂದು ಅದೇ ಕಲಮು ಹೇಳುತ್ತದೆ. ಹೀಗಾಗಿ ಮನೆಯವರ ಸ್ವಂತ ಪ್ರವಾಸಿ ಕ್ಯಾರವಾನನ್ನು ಆವರಣದಲ್ಲಿ ನಿಲ್ಲಿಸಲು ಸಾಮಾನ್ಯವಾಗಿ ಯೋಜನಾ ಅನುಮತಿ ಬೇಕಿಲ್ಲ. ಆದರೆ ಆ ಮನೆಗೆ ಅಥವಾ ಬಡಾವಣೆಗೆ ಮೂಲತಃ ನೀಡಿದ ಅನುಮತಿಯಲ್ಲಿಯೇ ಇದನ್ನು ತಡೆಯುವ ಷರತ್ತು ಇದ್ದರೆ ಆ ಷರತ್ತು ಅನ್ವಯಿಸುತ್ತದೆ.

‘ಪೂರಕ’ ಎಂಬ ಪದಕ್ಕೆ ಮಿತಿಯಿದೆ. ಮನೆಯೊಂದರಲ್ಲಿ 44 ನಾಯಿಗಳನ್ನು ಹವ್ಯಾಸಕ್ಕಾಗಿ ಸಾಕಿದ್ದ ವಾಲಿಂಗ್‌ಟನ್ ಪ್ರಕರಣದಲ್ಲಿ ನ್ಯಾಯಾಲಯವು, ಮಾಲೀಕರ ಇಷ್ಟವೊಂದೇ ಸಾಲದು, ವಸ್ತುನಿಷ್ಠವಾಗಿಯೂ ಆ ಬಳಕೆ ಸಮಂಜಸವಾಗಿರಬೇಕು ಎಂಬ ತತ್ತ್ವವನ್ನು ಎತ್ತಿಹಿಡಿಯಿತು. ಒಂದು ಕುಟುಂಬದ ಒಂದು ಕ್ಯಾರವಾನ್ ಈ ಮಿತಿಯೊಳಗೆ ಬರುತ್ತದೆ. ಬೇರೆಯವರ ಗಾಡಿಗಳನ್ನು ಬಾಡಿಗೆಗೆ ನಿಲ್ಲಿಸಿಕೊಳ್ಳುವುದು, ಗಾಡಿಗಳನ್ನು ಕೊಂಡು ಮಾರುವುದು, ಪ್ರವಾಸಿಗರಿಗೆ ತಂಗಲು ಕೊಡುವುದು ಇತ್ಯಾದಿಗಳಿಗೆ ಅನುಮತಿ ಬೇಕಾಗಬಹುದು.

ವಾಸದ ವಿಷಯದಲ್ಲಿಯೂ ಇದೇ ಪರೀಕ್ಷೆ. ಬಂದ ನೆಂಟರು ಕೆಲವು ರಾತ್ರಿ ಮಲಗುವುದು ಅಥವಾ ಮನೆಯ ಹಿರಿಯರು ಮುಖ್ಯ ಮನೆಯಲ್ಲಿ ಊಟ ಮಾಡಿಕೊಂಡು ಕ್ಯಾರವಾನಿನಲ್ಲಿ ಮಲಗುವುದು ಮನೆಯ ಬಳಕೆಯ ಭಾಗವೇ ಆಗಬಹುದು. ಅದೇ ಕ್ಯಾರವಾನ್ ಸ್ವತಂತ್ರ ಮನೆಯಂತೆ ಬೇರೆ ಕುಟುಂಬದ ವಾಸಸ್ಥಾನವಾದರೆ ಭೂಬಳಕೆ ಬದಲಾದಂತಾಗುತ್ತದೆ. ಸಂದೇಹವಿರುವವರು 191 ಅಥವಾ 192ನೇ ಕಲಮಿನಡಿ ಸ್ಥಳೀಯ ಕೌನ್ಸಿಲಿನಿಂದ ಕಾನೂನುಬದ್ಧತೆಯ ಪ್ರಮಾಣಪತ್ರವನ್ನು ಕೋರಬಹುದು.

ನಿಯಮ ಮೀರಿದ ಬಳಕೆಯ ವಿರುದ್ಧ ಕೌನ್ಸಿಲು ಜಾರಿ ನೋಟಿಸು ನೀಡಬಹುದು. ಭೂಬಳಕೆಯ ಬದಲಾವಣೆಗೆ ಸಾಮಾನ್ಯ ಕಾಲಮಿತಿ 10 ವರ್ಷ. ಶಿಥಿಲವಾದ ಗಾಡಿಯಿಂದ ಸುತ್ತಲಿನ ಪ್ರದೇಶದ ಅಂದಕ್ಕೆ ಧಕ್ಕೆಯಾಗುತ್ತಿದ್ದರೆ 215ನೇ ಕಲಮಿನಡಿ ಆ ಜಾಗವನ್ನು ಸರಿಪಡಿಸಲು ಆದೇಶಿಸುವ ಅಧಿಕಾರವೂ ಕೌನ್ಸಿಲಿಗಿದೆ. ಆದರೆ ನೆರೆಮನೆಯ ಬೆಲೆ ಇಳಿಯುವುದು ಖಾಸಗಿ ಹಿತಾಸಕ್ತಿಯ ವಿಷಯವಾದ್ದರಿಂದ, ಯೋಜನಾ ನಿರ್ಧಾರದಲ್ಲಿ ಅದನ್ನು ಸಾಮಾನ್ಯವಾಗಿ ಪರಿಗಣಿಸುವುದಿಲ್ಲ.

ನಿರ್ಬಂಧಕ ಕರಾರುಗಳು

ಯೋಜನಾ ಕಾನೂನು ಅನುಮತಿಸಿದ್ದನ್ನು ನಿವೇಶನದ ಹಕ್ಕುಪತ್ರ ನಿಷೇಧಿಸಬಹುದು. ಬಡಾವಣೆ ನಿರ್ಮಿಸಿದವರು ಮನೆಗಳನ್ನು ಮಾರುವಾಗ ಕ್ಯಾರವಾನ್, ದೋಣಿ, ಟ್ರೇಲರ್ ಅಥವಾ ವಾಣಿಜ್ಯ ವಾಹನಗಳನ್ನು ನಿಲ್ಲಿಸಬಾರದು ಎಂಬ ಕರಾರನ್ನು ಸೇರಿಸುವುದು ಸಾಮಾನ್ಯ. ಇಂಥ ಕರಾರು ಮೊದಲ ಖರೀದಿದಾರರಿಗೆ ಮಾತ್ರವಲ್ಲದೆ ನಂತರದ ಮಾಲೀಕರಿಗೂ ಅನ್ವಯಿಸಬಲ್ಲದು ಎಂಬ ತತ್ತ್ವವು ಲಂಡನ್ನಿನ ಲೆಸ್ಟರ್ ಸ್ಕ್ವೇರ್ ಉದ್ಯಾನಕ್ಕೆ ಸಂಬಂಧಿಸಿದ 1848ರ ಟಲ್ಕ್ ಮತ್ತು ಮಾಕ್ಸ್‌ಹೇ ಪ್ರಕರಣದಲ್ಲಿ ಸ್ಥಾಪಿತವಾಯಿತು.

ಕರಾರಿನ ಪದಗಳನ್ನು ಎಚ್ಚರಿಕೆಯಿಂದ ಓದಬೇಕು. ಕೆಲವು ಹಳೆಯ ಕರಾರುಗಳು ವಾಸಕ್ಕೆ ಅಥವಾ ಮಲಗಲು ಬಳಸುವ ‘ಗಾಲಿಯ ಮನೆ’ಯನ್ನು ನಿಷೇಧಿಸುತ್ತವೆ, ಖಾಲಿ ನಿಂತಿರುವ ಪ್ರವಾಸಿ ಕ್ಯಾರವಾನಿಗೆ ಇದು ಅನ್ವಯಿಸುತ್ತದೆಯೇ ಎಂಬುದು ಅರ್ಥೈಸುವಿಕೆಗೆ ಬಿಟ್ಟ ವಿಷಯ. ಕೆಲವು ಕರಾರುಗಳು ಮನೆಯ ಮುಂಭಾಗಕ್ಕೆ ಮಾತ್ರ ಸೀಮಿತವಾಗಿರುತ್ತವೆ.

ಕರಾರನ್ನು ಜಾರಿಗೊಳಿಸುವ ಹಕ್ಕು ಅದರ ಪ್ರಯೋಜನ ಪಡೆದ ಜಮೀನಿನ ಮಾಲೀಕರಿಗಿರುತ್ತದೆ. ಕೌನ್ಸಿಲಿಗೆ ಇದರಲ್ಲಿ ಪಾತ್ರವಿಲ್ಲ. ಬಡಾವಣೆಯ ಎಲ್ಲ ನಿವೇಶನಗಳೂ ಒಂದೇ ಸಾಮಾನ್ಯ ಯೋಜನೆಯಡಿ ಪರಸ್ಪರ ಹಿತಕ್ಕಾಗಿ ಕರಾರಿಗೆ ಒಳಪಟ್ಟಿದ್ದರೆ ನೆರೆಯವರೂ ನ್ಯಾಯಾಲಯದಿಂದ ತಡೆಯಾಜ್ಞೆ ಕೋರಬಹುದು. ಬಹುಕಾಲ ಸುಮ್ಮನಿದ್ದು, ಅದೇ ಬೀದಿಯಲ್ಲಿ ಹಲವು ಕ್ಯಾರವಾನ್‌ಗಳು ನಿಲ್ಲುತ್ತಿದ್ದರೂ ಆಕ್ಷೇಪಿಸದೆ ಇದ್ದವರ ವಾದ ದುರ್ಬಲವಾಗುತ್ತದೆ. ಕಾಲಕ್ಕೆ ಹೊಂದದ ಕರಾರನ್ನು ಬದಲಾಯಿಸುವ ಅಥವಾ ರದ್ದುಪಡಿಸುವ ಅಧಿಕಾರವನ್ನು 1925ರ ಆಸ್ತಿ ಕಾನೂನು ಕಾಯ್ದೆಯ 84ನೇ ಕಲಮು ನ್ಯಾಯಮಂಡಳಿಗೆ ನೀಡುತ್ತದೆ.

ಉಪದ್ರವ, ಬೆಳಕಿನ ಹಕ್ಕು ಮತ್ತು ನೋಟ

ನೋಟಕ್ಕೆ ಕಾನೂನಿನ ರಕ್ಷಣೆಯಿಲ್ಲ ಎಂಬುದು ಇಂಗ್ಲಿಷ್ ಕಾನೂನಿನ ಹಳೆಯ ನಿಲುವು. ನೆರೆಯವರ ಹಂದಿಗೂಡಿನ ದುರ್ವಾಸನೆಗೆ ಸಂಬಂಧಿಸಿದ 1610ರ ಆಲ್ಡ್ರೆಡ್ ಪ್ರಕರಣದಲ್ಲಿ, ಶುದ್ಧಗಾಳಿ ಮತ್ತು ಬೆಳಕು ಜೀವನಕ್ಕೆ ಅಗತ್ಯ, ಸುಂದರ ನೋಟವು ಸಂತೋಷದ ವಿಷಯ ಮಾತ್ರ ಎಂಬ ಭೇದವನ್ನು ಗುರುತಿಸಲಾಯಿತು. 1997ರ ಹಂಟರ್ ಮತ್ತು ಕೆನರಿ ವಾರ್ಫ್ ಪ್ರಕರಣದಲ್ಲಿ ಹೌಸ್ ಆಫ್ ಲಾರ್ಡ್ಸ್, ಗೋಪುರವೊಂದು ದೂರದರ್ಶನದ ಸಂಕೇತಗಳಿಗೆ ಕೇವಲ ಅಡ್ಡವಾಗಿ ನಿಂತಿರುವುದು ಉಪದ್ರವವಲ್ಲ ಎಂದಿತು.

ಬೆಳಕಿನ ಹಕ್ಕು ಇದೆ, ಆದರೆ ಅದು ಸೀಮಿತ. 1832ರ ಪ್ರಿಸ್ಕ್ರಿಪ್ಷನ್ ಕಾಯ್ದೆಯಡಿ, 20 ವರ್ಷ ಅಡೆತಡೆಯಿಲ್ಲದೆ ಬೆಳಕು ಪಡೆದ ಕಟ್ಟಡದ ಕಿಟಕಿಗೆ ಈ ಹಕ್ಕು ಲಭಿಸಬಹುದು, ಕೈತೋಟಕ್ಕೆ ಲಭಿಸುವುದಿಲ್ಲ. ಕಿಟಕಿಗೂ ಮೊದಲಿದ್ದಷ್ಟೇ ಬೆಳಕು ಸಿಗಬೇಕೆಂದಿಲ್ಲ, ಸಾಮಾನ್ಯ ಬಳಕೆಗೆ ಸಾಕಾಗುವಷ್ಟು ಉಳಿದರೆ ಸಾಕು. ಒಂದು ಕ್ಯಾರವಾನ್ ಈ ಮಟ್ಟದ ಅಡ್ಡಿಯನ್ನು ಉಂಟುಮಾಡುವುದು ಅಪರೂಪ.

ಬೆಲೆಯ ಪ್ರಶ್ನೆಗೆ 2018ರ ವಿಲಿಯಮ್ಸ್ ಮತ್ತು ನೆಟ್‌ವರ್ಕ್ ರೈಲ್ ಪ್ರಕರಣ ಮಾರ್ಗದರ್ಶಿಯಾಗಿದೆ. ರೈಲ್ವೆ ಜಮೀನಿನಲ್ಲಿ ಹಬ್ಬಿದ್ದ ಜಪಾನೀಸ್ ನಾಟ್‌ವೀಡ್ ಎಂಬ ಕಳೆಗಿಡಕ್ಕೆ ಸಂಬಂಧಿಸಿದ ಈ ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯವು, ಉಪದ್ರವ ಕಾನೂನಿನ ಉದ್ದೇಶ ಜಮೀನಿನ ಬಳಕೆ ಮತ್ತು ಅನುಭೋಗವನ್ನು ರಕ್ಷಿಸುವುದೇ ಹೊರತು, ಹೂಡಿಕೆಯಾಗಿ ಅದರ ಮೌಲ್ಯವನ್ನು ರಕ್ಷಿಸುವುದಲ್ಲ ಎಂದು ಸ್ಪಷ್ಟಪಡಿಸಿತು. ಮನೆಮಾಲೀಕರು ಆ ಪ್ರಕರಣದಲ್ಲಿ ಗೆದ್ದರು. ಆದರೆ ಗೆದ್ದದ್ದು ಗಿಡದ ಬೇರುಗಳು ಅವರ ಜಮೀನಿನ ಅನುಭೋಗಕ್ಕೆ ಭಾರವಾಗಿದ್ದವು ಎಂಬ ಕಾರಣಕ್ಕೆ. ಇದೇ ತರ್ಕದಿಂದ ಕ್ಯಾರವಾನಿನ ಇರುವಿಕೆಯಲ್ಲ, ಅದರಿಂದ ಬರುವ ಸದ್ದು, ಹೊಗೆ, ವಾಸನೆ ಅಥವಾ ಕೊಳಚೆ ನೀರು ದೂರಿಗೆ ಆಧಾರವಾಗುತ್ತದೆ. ಇಂಥವುಗಳ ಬಗ್ಗೆ 1990ರ ಪರಿಸರ ಸಂರಕ್ಷಣಾ ಕಾಯ್ದೆಯಡಿ ಕೌನ್ಸಿಲಿಗೂ ದೂರು ನೀಡಬಹುದು.

ಸಾರ್ವಜನಿಕ ರಸ್ತೆಯಲ್ಲಿ ನಿಲುಗಡೆ

ಆವರಣದಲ್ಲಿ ಜಾಗವಿಲ್ಲದವರು ಕ್ಯಾರವಾನನ್ನು ಬೀದಿಯಲ್ಲಿ ನಿಲ್ಲಿಸುವುದುಂಟು. ಬ್ರಿಟಿಷ್ ಹೆದ್ದಾರಿ ಸಂಹಿತೆಯ 250ನೇ ನಿಯಮದಂತೆ, ಟ್ರೇಲರುಗಳನ್ನು ರಾತ್ರಿ ವೇಳೆ ದೀಪವಿಲ್ಲದೆ ರಸ್ತೆಯಲ್ಲಿ ಬಿಡುವಂತಿಲ್ಲ. ಕ್ಯಾರವಾನಿಗೂ ಇದು ಅನ್ವಯಿಸುತ್ತದೆ. ಪಾದಚಾರಿ ಮಾರ್ಗವನ್ನು ದಾಟಿ ಆವರಣದೊಳಗೆ ಗಾಡಿ ತರಲು ಅಂಚುಗಲ್ಲನ್ನು ತಗ್ಗಿಸಬೇಕಾದರೆ 1980ರ ಹೆದ್ದಾರಿ ಕಾಯ್ದೆಯಡಿ ರಸ್ತೆ ಪ್ರಾಧಿಕಾರದ ಒಪ್ಪಿಗೆ ಬೇಕು.

ಮನೆ ಮಾರಾಟ ಮತ್ತು ವಿವಾದದ ಬೆಲೆ

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮನೆ ಮಾರುವವರು ಸಾಮಾನ್ಯವಾಗಿ ವಕೀಲರ ಸಂಘವಾದ ಲಾ ಸೊಸೈಟಿಯ ಟಿಎ6 ಎಂಬ ಆಸ್ತಿ ಮಾಹಿತಿ ನಮೂನೆಯನ್ನು ತುಂಬಿಕೊಡುತ್ತಾರೆ. ಆ ಮನೆಗೆ ಅಥವಾ ಸಮೀಪದ ಆಸ್ತಿಗೆ ಸಂಬಂಧಿಸಿದ ವಿವಾದಗಳು ಮತ್ತು ದೂರುಗಳ ಬಗ್ಗೆ ಅದರಲ್ಲಿ ಪ್ರಶ್ನೆಯಿದೆ. ಸುಳ್ಳು ಉತ್ತರ ಕೊಟ್ಟರೆ ಕೊಂಡವರು ನಂತರ ತಪ್ಪು ನಿರೂಪಣೆಯ ಆಧಾರದ ಮೇಲೆ ಪರಿಹಾರ ಕೇಳಬಹುದು.

ಇದರ ಪರಿಣಾಮ ಗಮನಾರ್ಹ. ಮನೆ ನೋಡಲು ಬಂದವರು ಪಕ್ಕದಲ್ಲಿ ನಿಂತಿರುವ ಗಾಡಿಯನ್ನು ಕಣ್ಣಾರೆ ನೋಡಿ ತಮ್ಮ ಲೆಕ್ಕ ತಾವು ಹಾಕಿಕೊಳ್ಳುತ್ತಾರೆ. ಆದರೆ ನಮೂನೆಯಲ್ಲಿ ದಾಖಲಾದ ವಿವಾದವು, ಇಲ್ಲಿ ನೆರೆಹೊರೆಯವರ ನಡುವೆ ಸಾಮರಸ್ಯವಿಲ್ಲ ಎಂಬ ಸಂದೇಹವನ್ನು ಹುಟ್ಟಿಸುತ್ತದೆ. ಗಾಡಿ ಹೋದ ಮೇಲೂ ಆ ದಾಖಲೆ ಉಳಿಯಬಹುದು. ಮನೆಯ ಬೆಲೆಯನ್ನು ಉಳಿಸಿಕೊಳ್ಳಲು ನೀಡಿದ ಲಿಖಿತ ದೂರು ಅದೇ ಮನೆಯ ಮಾರಾಟಕ್ಕೆ ತೊಡಕಾಗುವ ಸಾಧ್ಯತೆ ಇರುವುದರಿಂದ, ಔಪಚಾರಿಕ ದೂರಿಗೆ ಮುನ್ನ ಅನೌಪಚಾರಿಕ ಮಾತುಕತೆಯನ್ನು ಸಲಹೆಗಾರರು ಸೂಚಿಸುತ್ತಾರೆ.

ವಿವಾದಗಳ ಪರಿಹಾರ

ಇಂಥ ವಿವಾದಗಳಲ್ಲಿ ಸಾಮಾನ್ಯವಾಗಿ ಅನುಸರಿಸುವ ಕ್ರಮ ಹೀಗಿದೆ. ಮೊದಲು ತೊಂದರೆ ನಿಖರವಾಗಿ ಯಾವುದು ಎಂದು ಗುರುತಿಸಲಾಗುತ್ತದೆ: ನೆರಳೇ, ರಸ್ತೆ ಕಾಣದಿರುವುದೇ, ಸದ್ದೇ, ಅಥವಾ ಗಾಡಿಯ ಇರುವಿಕೆಯೇ. ನಂತರ ನೆರೆಯವರೊಂದಿಗೆ ನೇರವಾಗಿ ಮಾತನಾಡಲಾಗುತ್ತದೆ. ಗಾಡಿಯನ್ನು ಒಂದೆರಡು ಮೀಟರ್ ಹಿಂದಕ್ಕೆ ಸರಿಸುವುದು, ಕಿಟಕಿಯ ಎದುರಿನಿಂದ ಗೋಡೆಯ ಎದುರಿಗೆ ತರುವುದು, ಮುಂಭಾಗದಿಂದ ಪಕ್ಕಕ್ಕೆ ಒಯ್ಯುವುದು ಅಥವಾ ಚಳಿಗಾಲದ ತಿಂಗಳುಗಳಲ್ಲಿ ಮಾತ್ರ ಸಂಗ್ರಹಾಲಯದಲ್ಲಿರಿಸುವುದು ಅನೇಕ ಸಂದರ್ಭಗಳಲ್ಲಿ ಸಾಕಾಗುತ್ತದೆ.

ಮಾತುಕತೆ ಫಲಿಸದಿದ್ದರೆ ಎರಡೂ ಮನೆಗಳ ಹಕ್ಕುಪತ್ರದ ಪ್ರತಿಗಳನ್ನು ಭೂ ನೋಂದಣಿ ಕಚೇರಿಯಿಂದ ಪಡೆದು ನಿರ್ಬಂಧಕ ಕರಾರು ಇದೆಯೇ ಎಂದು ಪರಿಶೀಲಿಸಬಹುದು. ಮಧ್ಯಸ್ಥಿಕೆಯು ಮುಂದಿನ ಹಂತ. ನ್ಯಾಯಾಲಯದ ವೆಚ್ಚವು ಕ್ಯಾರವಾನಿನ ಬೆಲೆಯನ್ನೇ ಮೀರಬಹುದಾದ್ದರಿಂದ ದಾವೆಯನ್ನು ಕೊನೆಯ ಮಾರ್ಗವೆಂದು ಪರಿಗಣಿಸಲಾಗುತ್ತದೆ.

ಇತರ ದೇಶಗಳಲ್ಲಿ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಈ ವಿಷಯವನ್ನು ಹೆಚ್ಚಾಗಿ ನಗರಗಳ ವಲಯ ನಿಯಮಗಳು ಮತ್ತು ಮನೆಮಾಲೀಕರ ಸಂಘಗಳ ಕರಾರುಗಳು ನಿಯಂತ್ರಿಸುತ್ತವೆ. ಬೀದಿಗೆ ಕಾಣುವಂತೆ ವಿಹಾರ ವಾಹನಗಳನ್ನು ನಿಲ್ಲಿಸಬಾರದು ಎಂಬ ಷರತ್ತು ಅಲ್ಲಿ ಸಾಮಾನ್ಯ. ಉಲ್ಲಂಘಿಸಿದವರಿಗೆ ಸಂಘವೇ ದಂಡ ವಿಧಿಸುವುದುಂಟು.

ಭಾರತದಲ್ಲಿ ಖಾಸಗಿ ಕ್ಯಾರವಾನ್‌ಗಳು ವಿರಳವಾದ್ದರಿಂದ ಈ ಬಗೆಯ ವಿವಾದಗಳು ಪರಿಚಿತವಲ್ಲ. ಆದರೆ ಬೆಳಕಿನ ಹಕ್ಕಿನ ಕುರಿತ ಭಾರತೀಯ ನಿಯಮ ಇಂಗ್ಲಿಷ್ ಕಾನೂನನ್ನು ಬಹುಮಟ್ಟಿಗೆ ಹೋಲುತ್ತದೆ. ಮದರಾಸು ಮತ್ತು ಮಧ್ಯ ಪ್ರಾಂತಗಳೊಂದಿಗೆ ಕೊಡಗಿಗೂ ಆರಂಭದಿಂದಲೇ ಅನ್ವಯಿಸಿದ 1882ರ ಭಾರತೀಯ ಈಸ್‌ಮೆಂಟ್ ಕಾಯ್ದೆಯ 15ನೇ ಕಲಮು, ಕಟ್ಟಡವೊಂದು 20 ವರ್ಷ ಶಾಂತಿಯುತವಾಗಿ, ಅಡೆತಡೆಯಿಲ್ಲದೆ ಪಡೆದ ಬೆಳಕು ಮತ್ತು ಗಾಳಿಗೆ ಹಕ್ಕನ್ನು ಮಾನ್ಯಮಾಡುತ್ತದೆ. ತೆರೆದ ಜಾಗಕ್ಕೆ ಬರುವ ಬೆಳಕು ಮತ್ತು ಗಾಳಿಗೆ ಈ ರೀತಿಯಲ್ಲಿ ಹಕ್ಕು ಲಭಿಸುವುದಿಲ್ಲ ಎಂದು 17ನೇ ಕಲಮು ಹೇಳುತ್ತದೆ.